ತಾಂಡಾದ ಕೂಲಿ, ಊರಿನ ಕಾಯಕ

ಮೋಳಿಗೆ ಮಾರಯ್ಯ ಶರಣರು ಕಾಡಿನಿಂದ ಕಟ್ಟಿಗೆಯ ಹೊರೆ ಹೊತ್ತು ತಂದು ಮಾರಿದರು. ಬಂದದ್ದರಲ್ಲಿ ದಾಸೋಹ ನಡೆಸಿದರು. ಕಲ್ಯಾಣದ ಇತಿಹಾಸದಲ್ಲಿ ಆ ಕಟ್ಟಿಗೆಯ ಹೊರೆಗೆ ದೊಡ್ಡ ಸ್ಥಾನವಿದೆ. ಪ್ರವಚನಗಳಲ್ಲಿ ಆ ಪ್ರಸಂಗ ಬಂದಾಗ ನಾವೆಲ್ಲ ಭಕ್ತಿಯಿಂದ ಕೇಳುತ್ತೇವೆ.

ನಮ್ಮ ಔರಾದ, ಭಾಲ್ಕಿ ತಾಲ್ಲೂಕುಗಳ ಊರುಗಳಿಗೆ ಗ್ಯಾಸ್ ಬರುವ ಮೊದಲು ಇನ್ನೊಂದು ಕಟ್ಟಿಗೆಯ ಹೊರೆ ಬರುತ್ತಿತ್ತು. ಅದನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವರು ತಾಂಡಾದ ಲಂಬಾಣಿ ತಾಯಂದಿರು. ಆ ಹೊರೆಯನ್ನು ಅಂಗಳದಲ್ಲಿ ಇಳಿಸಿದ ಮೇಲೆ ಚೌಕಾಸಿ ಶುರುವಾಗುತ್ತಿತ್ತು. ಹಸಿ ಕಟ್ಟಿಗೆ ಎನ್ನುವುದು, ಹೊರೆ ಸಣ್ಣದು ಎನ್ನುವುದು, ಕೊನೆಗೆ ಅರ್ಧ ದುಡ್ಡು, ಅರ್ಧ ಜೋಳ ಕೊಟ್ಟು ಕಳಿಸುವುದು. ಮಾರಯ್ಯನವರ ಕೆಲಸವೂ ಅದೇ, ಈ ತಾಯಂದಿರ ಕೆಲಸವೂ ಅದೇ. ಒಂದನ್ನು ಕಾಯಕ ಎಂದು ಕರೆದೆವು, ಇನ್ನೊಂದನ್ನು ಕೂಲಿ ಎಂದು ಕರೆದೆವು.

ಊರಿಗೂ ತಾಂಡಾಕ್ಕೂ ನಡುವಿನ ಈ ಕೊಡುಕೊಳ್ಳುವಿಕೆಯ ಬಗ್ಗೆ ನಮ್ಮ ಸಮಾಜ, ವಿಶೇಷವಾಗಿ ಹೊಲ ಇದ್ದವರ ಸಮಾಜ, ಮಾತಾಡುವುದು ಕಡಿಮೆ. ಸೇವಾಲಾಲ ಮಹಾರಾಜರ ಜಯಂತಿಗೆ ಹೋಗಿ ಹಾರ ಹಾಕುತ್ತೇವೆ. ಮಠದ ವೇದಿಕೆಗೆ ತಾಂಡಾದ ನಾಯಕನನ್ನು ಕರೆದು ಶಾಲು ಹೊದಿಸುತ್ತೇವೆ. ಅದು ಒಳ್ಳೆಯದೇ. ಆದರೆ ಶಾಲು ಹೊದಿಸುವುದು ಸುಲಭ, ಕೂಲಿಯ ಲೆಕ್ಕವನ್ನು ಸರಿಯಾಗಿ ಕೊಡುವುದು ಕಷ್ಟ. ಇಲ್ಲಿ ನಾನು ಹೇಳಬೇಕಾದದ್ದು ಲೆಕ್ಕದ ವಿಷಯ.

ಲಂಬಾಣಿಗರು ನಮ್ಮ ಊರುಗಳಿಗೆ ಕೂಲಿಗಳಾಗಿ ಬಂದವರಲ್ಲ. ಅವರು ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವನ್ನೇ ಸುತ್ತಿದವರು. ದಖ್ಖನಿಗೆ ಬಂದ ಮೊಗಲರ ಸೈನ್ಯಕ್ಕೂ, ಆಮೇಲೆ ನಿಜಾಮರ ಸೈನ್ಯಕ್ಕೂ ಕಾಳುಕಡಿ ಮುಟ್ಟಿಸಿದವರು. ಆ ಕಾಲದಲ್ಲಿ ಊರಿಗೆ ತಾಂಡಾ ಬೇಕಾಗಿತ್ತು. ಉಪ್ಪು ಅವರಿಂದಲೇ ಬರಬೇಕು, ಹೆಚ್ಚಾದ ಜೋಳ ಅವರ ಎತ್ತಿನ ಮೇಲೆಯೇ ಹೋಗಬೇಕು. 19ನೇ ಶತಮಾನದಲ್ಲಿ ರಸ್ತೆ, ರೈಲು ಬಂದವು. ಎತ್ತಿನ ಸಾಗಾಣಿಕೆ ನಿಂತಿತು. ಅದರ ಮೇಲೆ ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು, ಹಲವು ಕಡೆ ಇಂಥ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಕಸುಬೂ ಹೋಯಿತು, ಹೆಸರೂ ಕೆಟ್ಟಿತು. ಹಾಗೆ ನೆಲೆ ನಿಂತಾಗ ಅವರಿಗೆ ಸಿಕ್ಕಿದ್ದು ಗುಡ್ಡದ ಅಂಚು, ಮೊರಡಿ, ಊರಿನ ಹೊರಗಿನ ಪಡ. ಎರೆ ಭೂಮಿ ಅಷ್ಟರೊಳಗೆ ಊರಿನವರ ಹೆಸರಿಗೆ ಆಗಿಹೋಗಿತ್ತು.

ಈಗ ಔರಾದದ ಗಡಿಯಲ್ಲಿ ನಿಂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದೇ ಬಳಗದ ಲಂಬಾಣಿಗರು ಈ ಕಡೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಉದಗೀರ, ದೇಗಲೂರಿನ ಕಡೆ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನಾರಾಯಣಖೇಡದ ಕಡೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅಣ್ಣ ತಮ್ಮಂದಿರ ಮಕ್ಕಳಿಗೆ ಮೂರು ರಾಜ್ಯದ ಮೂರು ಸರ್ಟಿಫಿಕೇಟು. ಆದರೆ ಮೂರೂ ಕಡೆ ಸೋಯಾಬೀನ್ ಕೊಯ್ಲಿಗೆ, ಕಬ್ಬು ಕಡಿಯಲಿಕ್ಕೆ, ಪುಣೆ-ಮುಂಬೈ-ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುವವರು ಅವರೇ.

ಊರಿನವರಿಗೂ ಬೇರೆ ಸಮುದಾಯಗಳಿಗೂ ನಡುವೆ ಒಳ್ಳೆಯ ವ್ಯವಹಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕುರಿಗಾರರನ್ನು ನೋಡಿ. ನಮ್ಮ ಜಿಲ್ಲೆಯ ಗೊಂಡ ಸಮುದಾಯದವರು ಕುರಿ ಮಂದೆ ತಂದು ರಾಶಿ ಮುಗಿದ ಹೊಲದಲ್ಲಿ ರಾತ್ರಿ ನಿಲ್ಲಿಸುತ್ತಾರೆ. ಇಷ್ಟು ಕುರಿ, ಇಷ್ಟು ರಾತ್ರಿ, ಇಷ್ಟು ದುಡ್ಡು ಅಥವಾ ಇಷ್ಟು ಜೋಳ ಎಂದು ಮೊದಲೇ ಮಾತಾಗುತ್ತದೆ. ರೈತನಿಗೆ ಗೊಬ್ಬರ, ಕುರಿಗೆ ಮೇವು, ಕುರಿಗಾರನಿಗೆ ಕಾಳು. ದರ ಸರಿ ಬರದಿದ್ದರೆ ಕುರಿಗಾರ ಪಕ್ಕದ ಊರಿಗೆ ಮಂದೆ ಹೊಡೆದುಕೊಂಡು ಹೋಗುತ್ತಾನೆ. ಈ ಕೊನೆಯ ಮಾತನ್ನು ಗಮನಿಸಬೇಕು. ಹೋಗುವ ಸ್ವಾತಂತ್ರ್ಯ ಅವನಿಗೆ ಇದೆ, ಆದ್ದರಿಂದ ದರ ನ್ಯಾಯವಾಗಿ ಇರುತ್ತದೆ.

ತಾಂಡಾದ ಕೂಲಿಕಾರನಿಗೆ ಆ ಸ್ವಾತಂತ್ರ್ಯವನ್ನು ಕಸಿಯುವುದು ಮುಂಗಡ. ನಮ್ಮ ಕಡೆ ಅದಕ್ಕೆ ಉಚಲ ಎನ್ನುತ್ತಾರೆ. ದಸರೆ-ದೀಪಾವಳಿಯ ಮೊದಲು, ಮನೆಯಲ್ಲಿ ಕಾಳು ಮುಗಿದು, ಮಗಳ ಮದುವೆಯ ಸಾಲವೋ ದವಾಖಾನೆಯ ಸಾಲವೋ ತಲೆಯ ಮೇಲೆ ಇರುವಾಗ ಮುಕಾದಮ ತಾಂಡಾಕ್ಕೆ ಬರುತ್ತಾನೆ. ಕಬ್ಬು ಕಡಿಯುವ ಹಂಗಾಮಿಗೆ ಕೈಯಲ್ಲಿ ದುಡ್ಡು ಇಡುತ್ತಾನೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಎಣಿಕೆ. ಹೆಂಡತಿಯ ಹೆಸರು ಎಲ್ಲಿಯೂ ಇರುವುದಿಲ್ಲ, ದುಡಿಮೆ ಮಾತ್ರ ಗಂಡನ ಸಮ. ಊರಿನ ಹೊಲದಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತದೆ. ಯುಗಾದಿಗೆ ವರ್ಷದ ಆಳನ್ನು ಇಡುವಾಗ, ಸೋಯಾ-ತೊಗರಿ ರಾಶಿಗೆ ಜನ ಹಿಡಿಯುವಾಗ ಮುಂಗಡ ಕೊಟ್ಟು ಕಟ್ಟಿಹಾಕುವುದು ರೂಢಿ.

ಇದನ್ನು ಕೇಳಿದರೆ ನಮ್ಮ ರೈತ ಬಾಂಧವರು ಹೇಳುವ ಮಾತು: ‘ನಾವು ಬಡ್ಡಿ ಹಿಡಿಯೋದಿಲ್ಲರಿ. ಕಷ್ಟಕ್ಕೆ ದುಡ್ಡು ಕೊಡ್ತೀವಿ, ಕೆಲಸದಾಗ ಮುರಕೋತೀವಿ.’ ಅವರು ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನಾನು ಜೀವನವಿಡೀ ಲೆಕ್ಕ ಮಾಡಿದವನು, ಆದ್ದರಿಂದ ಒಂದು ಉದಾಹರಣೆಯನ್ನು ಇಟ್ಟುಕೊಂಡು ನೋಡೋಣ.

ಒಬ್ಬ ಕೂಲಿಕಾರ 60,000 ರೂಪಾಯಿ ಮುಂಗಡ ತೆಗೆದುಕೊಂಡ ಎಂದು ಇಟ್ಟುಕೊಳ್ಳಿ. ಊರಲ್ಲಿ ಆಗ ಬಿಡಿ ಕೂಲಿ ದಿನಕ್ಕೆ 450 ರೂಪಾಯಿ ಇದೆ. ಮುಂಗಡ ತಗೊಂಡವನಿಗೆ ಮಾತ್ರ 400ರಂತೆ ಮುರಿದುಕೊಳ್ಳುತ್ತಾರೆ. 150 ದಿನ ದುಡಿದರೆ 60,000 ತೀರಿತು. ಬಡ್ಡಿ ಇಲ್ಲ, ಎಲ್ಲವೂ ಸರಿ ಎನ್ನಿಸುತ್ತದೆ. ಆದರೆ ದಿನಕ್ಕೆ 50ರಂತೆ 150 ದಿನಕ್ಕೆ 7,500 ರೂಪಾಯಿ ಅವನ ಕೈ ಬಿಟ್ಟಿತು. ಸಾಲ ದಿನದಿನಕ್ಕೆ ತೀರುತ್ತ ಬಂದದ್ದರಿಂದ ಸರಾಸರಿ ಅವನ ಮೇಲಿದ್ದ ಬಾಕಿ 30,000 ಮಾತ್ರ. 30,000ಕ್ಕೆ ಐದು ತಿಂಗಳಲ್ಲಿ 7,500 ಎಂದರೆ ನೂರಕ್ಕೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಬಡ್ಡಿ. ಊರಿನ ಸಾಹುಕಾರ ನೂರಕ್ಕೆ 3 ರೂಪಾಯಿ ಹಿಡಿದರೆ ಅವನನ್ನು ಬಡ್ಡಿಕೋರ ಎನ್ನುತ್ತೇವೆ. ಇಲ್ಲಿ ಬಡ್ಡಿ ಎಂಬ ಶಬ್ದವೇ ಇಲ್ಲದೆ ಅದಕ್ಕಿಂತ ಹೆಚ್ಚು ಹೋಯಿತು. ಅದೇ 30,000ಕ್ಕೆ ವರ್ಷಕ್ಕೆ ನೂರಕ್ಕೆ 12ರ ದರದಲ್ಲಿ ಸಂಘದ ಸಾಲ ಸಿಕ್ಕಿದ್ದರೆ ಐದು ತಿಂಗಳಿಗೆ ಬಡ್ಡಿ 1,500 ರೂಪಾಯಿ. ಉಳಿದ 6,000 ರೂಪಾಯಿ ಆ ಮನೆಯ ಮಕ್ಕಳ ಅನ್ನವಾಗುತ್ತಿತ್ತು.

ಇನ್ನೊಂದು ಮಾತು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಓದಿದರೆ ಜೀತ ಎಂದರೆ ಕಾಲಿಗೆ ಸರಪಳಿ ಹಾಕುವುದು ಮಾತ್ರವಲ್ಲ. ಮುಂಗಡ ಪಡೆದ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗುವ ಹಕ್ಕನ್ನು ಕಳೆದುಕೊಳ್ಳುವುದು, ತನ್ನ ದುಡಿಮೆಗೆ ಸಲ್ಲಬೇಕಾದ ಬೆಲೆಯನ್ನು ಬಿಟ್ಟುಕೊಡಬೇಕಾಗುವುದು ಕೂಡ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ನಮ್ಮ ಊರಿನ ರೂಢಿ ಎಷ್ಟು ದೂರದಲ್ಲಿದೆ ಎಂದು ಪ್ರತಿಯೊಬ್ಬರೂ ನೋಡಿಕೊಳ್ಳಬೇಕು.

ರೈತನ ಕಷ್ಟವೂ ನನಗೆ ಗೊತ್ತು. ಮುಂಗಡ ತೆಗೆದುಕೊಂಡು ಹೈದರಾಬಾದಿಗೆ ಓಡಿಹೋದವರಿದ್ದಾರೆ. ಮಳೆ ಕೈಕೊಟ್ಟ ವರ್ಷ ರೈತನೇ ಸಾಲಗಾರ. ಕಾರ್ಖಾನೆಗೆ ಕಬ್ಬು ಕಳಿಸಿ ದುಡ್ಡಿಗಾಗಿ ಕಾಯುವವನೂ ಅವನೇ. ಆದರೆ ಕಬ್ಬಿನ ರೈತನ ಬೆನ್ನಿಗೆ ಒಂದು ಕಾನೂನು ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು. ಅದು ಸರಿಯಾಗಿ ಜಾರಿಯಾಗುವುದಿಲ್ಲ, ಅದಕ್ಕಾಗಿ ನಾವು ರಸ್ತೆ ತಡೆ ಮಾಡುತ್ತೇವೆ, ಮನವಿ ಕೊಡುತ್ತೇವೆ. ಅದೇ ಕಬ್ಬನ್ನು ಕಡಿದವರ ಕೂಲಿ ಎಷ್ಟು ದಿನದೊಳಗೆ ಸಿಗಬೇಕು ಎಂದು ಕೇಳುವವರು ಯಾರು? ನಮಗೆ ಬೇಕಾದ ನ್ಯಾಯವನ್ನು ನಾವು ಕೊಡುವುದೂ ಬೇಡವೇ?

ಸರ್ಕಾರಿ ಕೆಲಸದಲ್ಲಿ ಒಂದು ನಿಯಮವಿತ್ತು. ಎಷ್ಟು ಬ್ರಾಸ್ ಮಣ್ಣು ಎತ್ತಿದರು, ಎಷ್ಟು ಕಲ್ಲು ಕಟ್ಟಿದರು ಎಂಬುದು ಅಳತೆ ಪುಸ್ತಕದಲ್ಲಿ ದಾಖಲಾಗದಿದ್ದರೆ ಆ ಕೆಲಸ ಆಗಿಯೇ ಇಲ್ಲ ಎಂದು ಅರ್ಥ. ಬಿಲ್ ಆಗುವುದಿಲ್ಲ. ಗುತ್ತೇದಾರನಿಗೆ ಅಳತೆ ಪುಸ್ತಕ ಇತ್ತು, ಇಲಾಖೆಗೂ ಇತ್ತು. ಮಣ್ಣು ಹೊತ್ತ ತಾಂಡಾದವರಿಗೆ ಮಾತ್ರ ಇರಲಿಲ್ಲ. ಕೆರೆಯ ಏರಿಯ ಮೇಲೆ ನಿಂತು ಕೇಳಿದರೆ ಅವರಿಗೆ ನೆನಪೇ ಪುಸ್ತಕ. ನೆನಪಿನ ಲೆಕ್ಕ ಬರೆದ ಲೆಕ್ಕದ ಮುಂದೆ ಯಾವತ್ತೂ ಸೋಲುತ್ತದೆ.

ಬರೆದ ಲೆಕ್ಕಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ನಮ್ಮ ಹಳೆಯ ಹೈದರಾಬಾದ ಸಂಸ್ಥಾನದ್ದೇ ಒಂದು ಉದಾಹರಣೆ ಇದೆ. ಬೀದರ ಜಿಲ್ಲೆಯಂತೆಯೇ ಆದಿಲಾಬಾದವೂ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿಯ ಗುಡ್ಡಗಾಡಿನಲ್ಲಿ ಗೊಂಡರು ತಲೆತಲಾಂತರದಿಂದ ಉಳುಮೆ ಮಾಡುತ್ತಿದ್ದರು. ಹೊರಗಿನಿಂದ ಒಕ್ಕಲುತನ ಮಾಡುವವರು, ವ್ಯಾಪಾರಿಗಳು, ಸಾಲ ಕೊಡುವವರು ಬಂದು ನೆಲೆಸಿದರು. ಮೊದಲು ವ್ಯವಹಾರ ಚೆನ್ನಾಗಿಯೇ ಇತ್ತು: ಅವರು ಉಪ್ಪು, ಬಟ್ಟೆ ಕೊಟ್ಟರು, ಗೊಂಡರು ಕಾಳು, ಕಾಡಿನ ಉತ್ಪನ್ನ ಕೊಟ್ಟರು. ಆಮೇಲೆ ಸಾಲ ಬಂತು, ಸಾಲದ ಹಿಂದೆ ಕಾಗದ ಬಂತು. ಕಂದಾಯದ ಕಾಗದ ಉರ್ದುವಿನಲ್ಲಿ. ಗೊಂಡರಿಗೆ ಅದು ಓದಲಿಕ್ಕೆ ಬರದು. ಯಾರಿಗೆ ಓದು ಬಂತೋ, ಕಚೇರಿಯಲ್ಲಿ ಯಾರ ಪರಿಚಯ ಇತ್ತೋ ಅವರ ಹೆಸರಿಗೆ ಪಟ್ಟಾ ಆಯಿತು. ಉಳುವವನು ತನ್ನ ಹೊಲದಲ್ಲೇ ಕೂಲಿಯಾದ. ಕುಮ್ರಂ ಭೀಮ ದಂಗೆ ಎದ್ದು 1940ರಲ್ಲಿ ಜೋಡೇಘಾಟದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಮೇಲೆಯೇ ಸರ್ಕಾರ ಎಚ್ಚೆತ್ತಿತು. ಮಾನವಶಾಸ್ತ್ರಜ್ಞ ಹೈಮೆಂಡಾರ್ಫ್ ಅವರನ್ನು ಕರೆಸಿ ಅಧ್ಯಯನ ಮಾಡಿಸಿತು. 1943ರಲ್ಲಿ ಮಾರ್ಲವಾಯಿಯಲ್ಲಿ ಗೊಂಡ ಶಿಕ್ಷಕರ ತರಬೇತಿ ಕೇಂದ್ರ ಶುರುವಾಯಿತು, ಗೊಂಡಿ ಭಾಷೆಯಲ್ಲಿ ಪಾಠ ಬಂತು, ಭೂಮಿಯ ಪಟ್ಟಾ ಕೊಡುವ ಕೆಲಸ ನಡೆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1976ರ ಕಾಯ್ದೆಯಿಂದ ತೆಲಂಗಾಣ ಭಾಗದ ಲಂಬಾಡರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಮಹಾರಾಷ್ಟ್ರದ ಕಡೆಯಿಂದ ಎಷ್ಟೋ ಕುಟುಂಬಗಳು ಆದಿಲಾಬಾದಕ್ಕೆ ಬಂದು ನೆಲೆಸಿದವು. ಈಗ ಅಲ್ಲಿ ಗೊಂಡರ ದೂರು ಲಂಬಾಡರ ಮೇಲೆ: ನಮ್ಮ ಭೂಮಿ, ನಮ್ಮ ನೌಕರಿ ಅವರ ಪಾಲಾಗುತ್ತಿದೆ ಎಂದು. 2017ರಲ್ಲಿ ಆ ತಕರಾರು ಬೀದಿಗೂ ಬಂತು. ನಮ್ಮ ಔರಾದದಲ್ಲಿ ದುರ್ಬಲನಾದ ಲಂಬಾಣಿಗ ಅಲ್ಲಿ ಬಲಿಷ್ಠ. ಇದರಿಂದ ನಾವು ಕಲಿಯಬೇಕಾದದ್ದು ಒಂದೇ. ಯಾವ ಜಾತಿಯೂ ಹುಟ್ಟಿನಿಂದ ಸುಲಿಯುವ ಜಾತಿಯಲ್ಲ, ಯಾವ ಜಾತಿಯೂ ಹುಟ್ಟಿನಿಂದ ಸುಲಿಗೆಗೆ ಒಳಗಾಗುವ ಜಾತಿಯೂ ಅಲ್ಲ. ಕಾಗದ ಯಾರ ಕೈಯಲ್ಲಿದೆ, ಸಾಲ ಯಾರ ಕೈಯಲ್ಲಿದೆ, ತಕ್ಕಡಿ ಯಾರ ಕೈಯಲ್ಲಿದೆ ಎಂಬುದೇ ಇದನ್ನು ನಿರ್ಧರಿಸುತ್ತದೆ. ಬಸವಾದಿ ಶರಣರು ಹುಟ್ಟನ್ನು ಬದಿಗಿಟ್ಟು ನಡತೆಯನ್ನು ನೋಡಿ ಎಂದದ್ದು ಇಲ್ಲಿಯೂ ಸಲ್ಲುತ್ತದೆ.

ಓದಲು ಬಾರದ ಕಾಗದದ ಕಷ್ಟ ನಮಗೂ ಹೊಸದಲ್ಲ. ನಿಜಾಮರ ಕಾಲದಲ್ಲಿ ಬೀದರಿನ ಕನ್ನಡಿಗ ರೈತನ ಪಾಡೂ ಅದೇ ಆಗಿತ್ತು. ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಂದು ಮಠವು ನಮ್ಮ ಹಿರಿಯರ ಕೈಗೆ ಅಕ್ಷರ ಕೊಟ್ಟಿತು. ಮನೆಯಲ್ಲಿ ಗೋರಬೋಲಿ ಮಾತಾಡುವ ತಾಂಡಾದ ಮಗು ಇಂದು ನಮ್ಮ ಅಜ್ಜಂದಿರು ನಿಂತಿದ್ದ ಜಾಗದಲ್ಲಿಯೇ ನಿಂತಿದೆ.

ಕಾಗದದ ವಿಷಯದಲ್ಲಿ ಸರ್ಕಾರ ಒಂದು ಹೆಜ್ಜೆ ಇಟ್ಟಿದೆ. ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಕೊಡಲಾಯಿತು. ಮನೆಯ ಜಾಗ ತಮ್ಮದಾಯಿತು, ಇದು ಸಣ್ಣ ಮಾತಲ್ಲ. ಹೊಲದ ಮಾತು ಬೇರೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬೆಳೆ ಸಾಲವಿಲ್ಲ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ನೋಂದಣಿಯಿಲ್ಲ. ಆಗ ತಾಂಡಾದ ಸಣ್ಣ ಒಕ್ಕಲಿಗ ತೊಗರಿಯನ್ನು ಸಾಲ ಕೊಟ್ಟವನ ತಕ್ಕಡಿಗೇ ಹಾಕಬೇಕು, ಅವನು ಹೇಳಿದ ದರಕ್ಕೇ ಕೊಡಬೇಕು.

ಸಾಲದ ವಿಷಯದಲ್ಲಿ ದಾರಿ ತೋರಿಸಿದ್ದು ನಮ್ಮ ಜಿಲ್ಲೆಯೇ. 1922ರಲ್ಲಿ ಸ್ಥಾಪನೆಯಾದ ಬೀದರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು 1990ರ ದಶಕದಲ್ಲಿ, ದಿವಂಗತ ಗುರುಪಾದಪ್ಪ ನಾಗಮಾರಪಳ್ಳಿ ಅವರ ನೇತೃತ್ವದಲ್ಲಿ, ಹಳ್ಳಿಯ ಪ್ರಾಥಮಿಕ ಸಹಕಾರ ಸಂಘಗಳ ಮೂಲಕ ಮಹಿಳೆಯರ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವ ಕೆಲಸವನ್ನು ದೊಡ್ಡದಾಗಿ ಶುರು ಮಾಡಿತು. ಬೇರೆ ರಾಜ್ಯಗಳಿಂದ ಜನ ಬಂದು ನೋಡಿ ಹೋದರು. ಹೊಲವಿಲ್ಲದ ಹೆಣ್ಣುಮಗಳು ತನ್ನ ಹೆಸರಿನಲ್ಲಿ ಸಾಲ ಪಡೆದು ಹೊತ್ತಿಗೆ ಸರಿಯಾಗಿ ತೀರಿಸಬಲ್ಲಳು ಎಂದು ಅದು ತೋರಿಸಿತು. ಅಂಥ ಸಾಲ ದಸರೆಯ ಮೊದಲು ತಾಂಡಾಕ್ಕೆ ಮುಟ್ಟಿದರೆ ಮುಕಾದಮನ ಉಚಲಕ್ಕೆ ಕೈ ಒಡ್ಡುವ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ.

ಶರಣ ಬಂಧುಗಳೇ, ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗ ನಿಮಗೆ ಹೊಸದಲ್ಲ. ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದರು. ನಾವು ಈ ಪ್ರಸಂಗವನ್ನು ಆಸೆ ಬಿಡಬೇಕು ಎಂಬ ನೀತಿಗೆ ಬಳಸುತ್ತೇವೆ. ಅದರಲ್ಲಿ ಲೆಕ್ಕದ ಮಾತೂ ಇದೆ. ತನ್ನದಲ್ಲದ ಒಂದು ಹಿಡಿ ಮನೆಗೆ ಬಂದರೂ ಆ ದಿನದ ಕಾಯಕ ಕೆಟ್ಟಿತು ಎಂಬುದು ಲಕ್ಕಮ್ಮನ ಲೆಕ್ಕ. ಕೂಲಿಯಲ್ಲಿ ಉಳಿಸಿಕೊಂಡ ಆ 50 ರೂಪಾಯಿಯನ್ನು ಇದೇ ತಕ್ಕಡಿಯಲ್ಲಿ ಇಟ್ಟು ನೋಡಬೇಕು. ಆ ದುಡ್ಡಿನಲ್ಲಿ ಮಾಡಿದ ದಾಸೋಹಕ್ಕೆ ಲಕ್ಕಮ್ಮ ತಾಯಿ ಒಪ್ಪುತ್ತಿದ್ದರೇ? ದಾಸೋಹವು ಕಾಯಕದ ನಂತರ ಬರುವಂಥದ್ದು. ಕೂಲಿ ಸರಿಯಾಗಿ ಕೊಡದೆ ಪ್ರಸಾದ ಬಡಿಸಿದರೆ ಅದು ಅವರದನ್ನೇ ಅವರಿಗೆ ಬಡಿಸಿದಂತೆ.

ಬರೀ ಉಪದೇಶದಿಂದ ಇದು ಆಗುವುದಿಲ್ಲ. ಮಾಡಬಹುದಾದ ಕೆಲವು ಕೆಲಸಗಳನ್ನು ಪೂಜ್ಯರ ಮುಂದೆ ಮತ್ತು ಓದುಗರ ಮುಂದೆ ಇಡುತ್ತೇನೆ.

ಮೊದಲನೆಯದು, ಮುಂಗಡ ಕೊಟ್ಟರೂ ಕೊಡದಿದ್ದರೂ ಕೂಲಿ ಒಂದೇ ಇರಬೇಕು. ಮುಂಗಡ, ದುಡಿದ ದಿನ, ಮುರಿದ ಹಣ ಇವನ್ನು ಎರಡು ಪುಸ್ತಕಗಳಲ್ಲಿ ಬರೆಯಬೇಕು. ಒಂದು ರೈತನ ಹತ್ತಿರ, ಒಂದು ಕೂಲಿಕಾರನ ಹತ್ತಿರ. ಖರ್ಚು ಹತ್ತು ರೂಪಾಯಿ. ಓಡಿಹೋಗುವವರ ತಕರಾರಿಗೂ ಇದೇ ಔಷಧ, ಏಕೆಂದರೆ ಬರೆದ ಲೆಕ್ಕ ಇಬ್ಬರನ್ನೂ ಕಾಯುತ್ತದೆ.

ಎರಡನೆಯದು, ಹೆಣ್ಣುಮಗಳ ಕೂಲಿಯನ್ನು ಅವಳ ಹೆಸರಿನಲ್ಲಿ ಬೇರೆ ಬರೆಯಬೇಕು, ಅವಳ ಕೈಗೇ ಕೊಡಬೇಕು. ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡಬೇಕು. ಅಕ್ಕಮಹಾದೇವಿ, ಲಕ್ಕಮ್ಮರ ಹೆಸರು ಹೇಳುವ ಸಮಾಜಕ್ಕೆ ಇದು ಹೊಸ ಮಾತಾಗಬಾರದು.

ಮೂರನೆಯದು, ನಮ್ಮವರು ನಡೆಸುವ ಸಹಕಾರಿ ಸಂಘಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ದಸರೆಗಿಂತ ಒಂದು ತಿಂಗಳು ಮೊದಲು ತಾಂಡಾದ ಮಹಿಳಾ ಗುಂಪುಗಳಿಗೆಂದೇ ಸ್ವಲ್ಪ ಹಣವನ್ನು ತೆಗೆದಿಡಬೇಕು. ದೀಪಾವಳಿ ಕಳೆದ ಮೇಲೆ ಕೊಟ್ಟ ಸಾಲ ಉಪಯೋಗವಿಲ್ಲ, ಅಷ್ಟರಲ್ಲಿ ಲಾರಿ ಹೊರಟುಹೋಗಿರುತ್ತದೆ.

ನಾಲ್ಕನೆಯದು, ಮಠಗಳ ಪ್ರಸಾದ ನಿಲಯಗಳಲ್ಲಿ ದೀಪಾವಳಿಯಿಂದ ಯುಗಾದಿಯವರೆಗೆ ಗುಳೆ ಹೋದವರ ಮಕ್ಕಳಿಗೆ ಜಾಗ ಇಡಬೇಕು. ಕಬ್ಬಿನ ಗದ್ದೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ಹೋದ ಹುಡುಗಿ ಒಂದು ವರ್ಷ ಶಾಲೆ ತಪ್ಪಿಸಿದರೆ ಮುಂದಿನ ವರ್ಷ ಅವಳ ಕೈಗೂ ಕೊಯ್ತಾ ಬರುತ್ತದೆ. ಆ ಮಕ್ಕಳು ತಮ್ಮ ಭಾಷೆ, ತಮ್ಮ ದೇವರು, ತಮ್ಮ ಹಬ್ಬ ಇಟ್ಟುಕೊಂಡೇ ಇರಲಿ. ಅಕ್ಷರ ಕೊಟ್ಟದ್ದಕ್ಕೆ ಬೇರೇನೂ ಕೇಳಬಾರದು.

ಐದನೆಯದು, ಕಂದಾಯ, ಸಹಕಾರ, ಇಂಜಿನಿಯರಿಂಗ್ ಇಲಾಖೆಗಳಲ್ಲಿ ದುಡಿದು ನಿವೃತ್ತರಾದವರು ನಮ್ಮ ಸಮಾಜದಲ್ಲಿ ನೂರಾರು ಜನ ಇದ್ದೇವೆ. ಪಹಣಿ ತಿದ್ದುಪಡಿಯ ಅರ್ಜಿ ಹೇಗೆ ಬರೆಯುವುದು, ಖರೀದಿ ಕೇಂದ್ರದ ನೋಂದಣಿ ಹೇಗೆ ಎಂಬುದು ನಮಗೆ ಗೊತ್ತು. ತಿಂಗಳಿಗೆ ಒಂದು ದಿನ ಒಂದು ತಾಂಡಾಕ್ಕೆ ಹೋಗಿ, ನಾಯಕ, ಕಾರಭಾರಿಯವರ ಜೊತೆ ಕುಳಿತು ಆ ಕಾಗದ ಬರೆದುಕೊಡಬಹುದು. ಪಿಂಚಣಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಕಾಯಕ ನನಗೆ ಕಾಣುವುದಿಲ್ಲ.

ಇದೆಲ್ಲ ಮಾಡಿದರೆ ಕೂಲಿ ಏರುತ್ತದೆ, ಒಕ್ಕಲುತನ ಇನ್ನಷ್ಟು ಕಷ್ಟವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಬೆಳೆಗೆ ಬೆಲೆ ಕೊಡಿ ಎಂದು ಸರ್ಕಾರವನ್ನು ಕೇಳುವ ಹೋರಾಟದಲ್ಲಿ ತಾಂಡಾದವರು ನಮ್ಮ ಜೊತೆ ನಿಲ್ಲಬೇಕಾದರೆ, ಅವರ ಬೆವರಿಗೆ ಬೆಲೆ ಕೊಡುವ ವಿಷಯದಲ್ಲಿ ನಾವು ಮೊದಲು ನಿಲ್ಲಬೇಕು. ಕೂಲಿ ಕಡಿಮೆ ಮಾಡಿ ಉಳಿದ ಒಕ್ಕಲುತನ ಯಾವ ಊರಲ್ಲಿಯೂ ಇಲ್ಲ. ಜನ ಹೈದರಾಬಾದಿಗೆ, ಪುಣೆಗೆ ಹೋಗಿಬಿಡುತ್ತಾರೆ. ರಾಶಿಯ ಹೊತ್ತಿಗೆ ಹೊಲದಲ್ಲಿ ಕೈ ಇಲ್ಲದೆ ನಿಲ್ಲುವವರು ನಾವೇ.

ಈ ವರ್ಷದ ಸೋಯಾ ರಾಶಿಗೆ ಜನರನ್ನು ಕರೆಯುವ ಮೊದಲು ಎರಡು ಪುಸ್ತಕ ಕೊಂಡುಕೊಳ್ಳಿ. ಒಂದರ ಮೇಲೆ ನಿಮ್ಮ ಹೆಸರು, ಇನ್ನೊಂದರ ಮೇಲೆ ದುಡಿಯಲಿಕ್ಕೆ ಬಂದ ತಾಯಿಯ ಹೆಸರು ಬರೆಯಿರಿ.